ಹೆಸರಿನ ಎಲ್ಲೆ, ಹೇಳಿಕೆಯ ಸರದಿ

ಬೆಂಗಳೂರಿನಿಂದ ಬಳ್ಳಾರಿ ರಸ್ತೆಯನ್ನು ಹಿಡಿದು ಉತ್ತರಕ್ಕೆ ಹೊರಟವರಿಗೆ ಮೇಖ್ರಿ ವೃತ್ತದ ಸಮೀಪದಲ್ಲಿ ಬಂಡೆಯ ಮೇಲೆ ನಿಂತ ಒಂದು ಪುಟ್ಟ ಗೋಪುರ ಕಾಣಸಿಗುತ್ತದೆ. ಕೆಂಪೇಗೌಡರ ವಂಶದವರು ಊರಿನ ನಾಲ್ಕು ದಿಕ್ಕುಗಳಲ್ಲಿ ಕಟ್ಟಿಸಿದರೆಂದು ಹೇಳಲಾಗುವ ಗಡಿಗೋಪುರಗಳಲ್ಲಿ ಇದೂ ಒಂದು. ಯಲಹಂಕದವನಾದ ನಾನು ಹಲವು ವರ್ಷಗಳ ಕಾಲ ಬೆಳಗ್ಗೆ ಸಂಜೆ ಇದರ ಪಕ್ಕದಲ್ಲಿಯೇ ಬಸ್ಸಿನಲ್ಲಿ ಹಾದುಹೋಗಿದ್ದೇನೆ. ಆ ಕಾಲಕ್ಕೆ ನಮ್ಮಲ್ಲಿ ಯಾರಾದರೂ ಮನೆಯಿಂದ ಹೊರಡುವಾಗ "ಬೆಂಗಳೂರಿಗೆ ಹೋಗಿ ಬರ್ತೀನಿ" ಎಂದೇ ಹೇಳುತ್ತಿದ್ದರು. ಹೆಬ್ಬಾಳದ ಕೆರೆಯನ್ನು ದಾಟಿ, ಗೋಪುರವನ್ನು ದಾಟಿದ ಮೇಲೆ ಬೆಂಗಳೂರು. ಇಂದು ಊರು ಗೋಪುರವನ್ನು ನುಂಗಿ, ಹೆಬ್ಬಾಳವನ್ನು ನುಂಗಿ, ಯಲಹಂಕವನ್ನೂ ನುಂಗಿ ಆಚೆಗೆ ಹಬ್ಬಿದೆ. ಆದರೂ ಆ ಗೋಪುರವನ್ನು ಕಂಡಾಗಲೆಲ್ಲ ನನಗೆ ಒಂದು ವಿಚಾರ ನೆನಪಾಗುತ್ತದೆ. ಒಂದು ಹೆಸರು ಎಲ್ಲಿಯವರೆಗೆ ನಡೆಯುತ್ತದೆ? ಯಾವ ಎಲ್ಲೆಯನ್ನು ದಾಟಿದರೆ ಅದು ಬೇರೊಂದನ್ನು ಸೂಚಿಸುತ್ತದೆ, ಅಥವಾ ಏನನ್ನೂ ಸೂಚಿಸುವುದಿಲ್ಲ?

ಕೇಳುಗ ಮಿತ್ರರೇ, ಇದು ವ್ಯಾಕರಣದ ಪ್ರಶ್ನೆಯಂತೆ ತೋರಬಹುದು. ನನಗೆ ಇದು ಎದುರಾದದ್ದು ಗಣಕಯಂತ್ರದ ಮುಂದೆ. ಆ ಪ್ರಶ್ನೆಯನ್ನು ನಾನು ಸರಿಯಾಗಿ ಅರಿತುಕೊಳ್ಳದ ಕಾರಣ ಒಬ್ಬ ಪ್ರಾಮಾಣಿಕ ಮನುಷ್ಯನು ಒಂದು ವಾರ ತಲೆ ತಗ್ಗಿಸಿ ನಡೆಯಬೇಕಾಯಿತು. ಇಂದು ಆ ಕಥೆಯನ್ನೂ, ಅದರ ಹಿಂದಿರುವ ತತ್ತ್ವವನ್ನೂ ತಮ್ಮ ಮುಂದಿಡಬೇಕೆಂದಿದ್ದೇನೆ.

1987ರಲ್ಲಿ ನಾನು ಯಶವಂತಪುರದ ಕಡೆಯ ಒಂದು ಕಾರ್ಖಾನೆಯ ಸಂಬಳದ ವಿಭಾಗದಲ್ಲಿ ಗುಮಾಸ್ತನಾಗಿದ್ದೆ. ಕಾರ್ಖಾನೆಗೆ ಒಂದು ಚಿಕ್ಕ ಗಣಕಯಂತ್ರ ಬಂದಿತು. ಅದನ್ನು ನಡೆಸಲು ಕಲಿಯುವವರಿಗೆ ಶುಲ್ಕವನ್ನು ಕಾರ್ಖಾನೆಯೇ ಕೊಡುವುದೆಂದು ಸುತ್ತೋಲೆ ಬಂದಾಗ ನಾನು ಹೆಸರು ಕೊಟ್ಟೆ. ವಾರಕ್ಕೆ ಮೂರು ಸಂಜೆ ಆರ್.ಟಿ. ನಗರದಲ್ಲಿ ತರಗತಿ. ಕನ್ನಡ ಸಾಹಿತ್ಯವನ್ನು ಓದಿಕೊಂಡು, ಲೆಕ್ಕವನ್ನು ಹೊಟ್ಟೆಪಾಡಿಗಾಗಿ ಮಾಡುತ್ತಿದ್ದ ನನಗೆ ಅಲ್ಲಿ ಕಲಿಸಿದ್ದು ಪ್ಯಾಸ್ಕಲ್ ಎಂಬ ಭಾಷೆ. ಸ್ವಿಟ್ಜರ್ಲೆಂಡಿನ ನಿಕ್ಲಾಸ್ ವಿರ್ತ್ ಎಂಬ ವಿದ್ವಾಂಸರು 1970ರಲ್ಲಿ, ಮುಖ್ಯವಾಗಿ ವಿದ್ಯಾರ್ಥಿಗಳಿಗೆ ಶಿಸ್ತಿನಿಂದ ಬರೆಯುವುದನ್ನು ಕಲಿಸಲೆಂದು, ರೂಪಿಸಿದ ಭಾಷೆ ಅದು.

ಗಣಕಯಂತ್ರವು ಏನು ಮಾಡಬೇಕೆಂಬುದನ್ನು ಸಾಲುಸಾಲಾಗಿ ಬರೆದುಕೊಡುವ ಬರಹಕ್ಕೆ ಕ್ರಮವಿಧಿ ಎಂದು ಹೆಸರು. ಕೆಲಸ ದೊಡ್ಡದಾದರೆ ಬರಹವನ್ನು ತುಂಡುತುಂಡಾಗಿ ವಿಂಗಡಿಸಿ, ಪ್ರತಿಯೊಂದು ತುಂಡಿಗೂ ಒಂದು ಹೆಸರನ್ನಿಟ್ಟು, ಬೇಕಾದಾಗ ಹೆಸರು ಹಿಡಿದು ಕರೆಯುವುದು ವಾಡಿಕೆ. ಇಂಥ ತುಂಡೇ ಉಪಕ್ರಮವಿಧಿ. ಅಡುಗೆಯ ಪುಸ್ತಕವನ್ನು ನೋಡಿದವರಿಗೆ ಇದು ಹೊಸತಲ್ಲ. ಬಿಸಿಬೇಳೆಬಾತಿನ ವಿಧಾನವನ್ನು ಬರೆಯುವಾಗ "ಈಗ ಮೂರು ಚಮಚ ಪುಡಿ ಹಾಕಿ" ಎಂದಷ್ಟೇ ಬರೆದಿರುತ್ತದೆ. ಆ ಪುಡಿಯನ್ನು ಮಾಡುವ ಬಗೆ ಬೇರೊಂದು ಪುಟದಲ್ಲಿ, ತನ್ನದೇ ತಲೆಬರಹದ ಕೆಳಗೆ ಇರುತ್ತದೆ. ಪುಡಿಯ ಪುಟವೇ ಉಪಕ್ರಮವಿಧಿ. "ಪುಡಿ ಹಾಕಿ" ಎಂಬುದು ಅದಕ್ಕೆ ಬಂದ ಕರೆ.

ನನ್ನ ಮೊದಲ ತಪ್ಪು ಇಲ್ಲಿಯೇ ಆಯಿತು. ಕಥೆಯನ್ನು ಬರೆಯುವವನು ಮೊದಲು ಮುಖ್ಯ ಪ್ರಸಂಗವನ್ನು ಹೇಳಿ, ವಿವರಗಳನ್ನು ಆಮೇಲೆ ತುಂಬುವಂತೆ, ನಾನು ಮುಖ್ಯ ಭಾಗವನ್ನು ಮೇಲೆ ಬರೆದು, ಉಪಕ್ರಮವಿಧಿಗಳನ್ನು ಅದರ ಕೆಳಗೆ ಜೋಡಿಸಿದೆ. ಯಂತ್ರವು ಮರುಕ್ಷಣವೇ 'ಅಪರಿಚಿತ ಹೆಸರು' ಎಂಬರ್ಥದ ಇಂಗ್ಲಿಷ್ ವಾಕ್ಯವೊಂದನ್ನು ತೋರಿಸಿ ನಿಂತುಬಿಟ್ಟಿತು. ಹತ್ತು ಸಾಲುಗಳ ಕೆಳಗೆ, ಅದೇ ಪರದೆಯ ಮೇಲೆ, ಆ ಹೆಸರು ನನ್ನ ಕಣ್ಣಿಗೆ ಎದ್ದು ಕಾಣುತ್ತಿತ್ತು. ಯಂತ್ರಕ್ಕೆ ಕಾಣದೇಕೆ?

ನಮ್ಮ ಮೇಷ್ಟರು ನಗುತ್ತ ಹೇಳಿದರು: "ನೀವು ಪುಟವನ್ನು ನೋಡ್ತಾ ಇದ್ದೀರಿ. ಅದು ಪುಟವನ್ನು ಕೇಳ್ತಾ ಇದೆ."

ಆ ಒಂದು ಮಾತು ನನಗೆ ಬಾಗಿಲನ್ನು ತೆರೆಯಿತು. ನಾವು ಬರೆದ ಕ್ರಮವಿಧಿಯನ್ನು ಯಂತ್ರದ ನುಡಿಗೆ ಪರಿವರ್ತಿಸುವ ಕಂಪೈಲರ್ ಎಂಬ ಸಾಧನವು, ಪ್ಯಾಸ್ಕಲ್‌ನ ಸಂದರ್ಭದಲ್ಲಿ, ಬರಹವನ್ನು ಮೇಲಿನಿಂದ ಕೆಳಕ್ಕೆ ಒಂದೇ ಸಾರಿ ಸಾಗುತ್ತ ಅರ್ಥ ಮಾಡಿಕೊಳ್ಳುವಂತೆ ಉದ್ದೇಶಪೂರ್ವಕವಾಗಿ ರೂಪಿಸಲ್ಪಟ್ಟಿತ್ತು. ಹಿಂದಿರುಗಿ ನೋಡುವ ಸೌಲಭ್ಯ ಅದಕ್ಕಿಲ್ಲ. ಅಂದಿನ ಯಂತ್ರಗಳಲ್ಲಿ ನೆನಪಿನ ಜಾಗ ಬಹಳ ಕಡಿಮೆ. ಇಡೀ ಬರಹವನ್ನು ಇಟ್ಟುಕೊಂಡು ಎರಡು ಮೂರು ಸಲ ತಿರುವಿಹಾಕುವುದು ದುಬಾರಿಯ ಮಾತು. ಬಾನುಲಿಯನ್ನು ಆಲಿಸುತ್ತಿರುವ ತಾವೂ ಈಗ ಅದೇ ಸ್ಥಿತಿಯಲ್ಲಿದ್ದೀರಿ. ನಾನು ಮುಂದೆ ಹೇಳಲಿರುವುದು ತಮಗೆ ಈಗ ಗೊತ್ತಿಲ್ಲ. ಹಿಂದೆ ಹೇಳಿದ್ದನ್ನು ನೆನಪಿನಿಂದಲೇ ತರಬೇಕು. ಪರಿಚಯ ಮಾಡಿಕೊಡದ ವ್ಯಕ್ತಿಯೊಬ್ಬನ ಹೆಸರನ್ನು ನಾನು ಇದ್ದಕ್ಕಿದ್ದಂತೆ ಎತ್ತಿದರೆ ತಾವು 'ಯಾರಿವನು?' ಎಂದು ಕೇಳುವುದು ನ್ಯಾಯವೇ. ಯಕ್ಷಗಾನದಲ್ಲಿ ಮುಖ್ಯ ಪಾತ್ರಗಳು ಒಡ್ಡೋಲಗ ಕೊಟ್ಟು, ತಾವು ಯಾರೆಂಬುದನ್ನು ತಿಳಿಸಿ, ಆಮೇಲೆ ಕಥೆಗೆ ಇಳಿಯುವುದಿಲ್ಲವೆ? ಹಾಗೆಯೇ ಪ್ಯಾಸ್ಕಲ್‌ನಲ್ಲಿ ಹೆಸರನ್ನು ಬಳಸುವುದಕ್ಕೆ ಮೊದಲು ಅದನ್ನು ಘೋಷಿಸಬೇಕು. ಬದಲಾಗದ ಬೆಲೆಗಳು ಮೊದಲು, ಅನಂತರ ಬಗೆಗಳು, ಅನಂತರ ಚರಗಳು, ಅನಂತರ ಉಪಕ್ರಮವಿಧಿಗಳು. ಮುಖ್ಯ ಭಾಗ ಎಲ್ಲಕ್ಕಿಂತ ಕೊನೆಗೆ. ಆದುದರಿಂದ ಪ್ಯಾಸ್ಕಲ್ ಕ್ರಮವಿಧಿಯನ್ನು ಓದಬಯಸುವವನು ಕಡೆಯ ಪುಟದಿಂದ ಆರಂಭಿಸುವುದು ಲೇಸೆಂದು ಮೇಷ್ಟರು ಹೇಳುತ್ತಿದ್ದರು. ಬರೆಯುವ ಸರದಿ ಬೇರೆ, ನಡೆಯುವ ಸರದಿ ಬೇರೆ. ಹೊಸಬನು ಎಡವುವುದು ಈ ಎರಡನ್ನೂ ಒಂದೇ ಎಂದು ತಿಳಿದಾಗ.

ಇಲ್ಲೊಂದು ಚೋದ್ಯವಿದೆ. ಎರಡು ಉಪಕ್ರಮವಿಧಿಗಳು ಒಂದನ್ನೊಂದು ಕರೆಯಬೇಕಾದರೆ ಯಾವುದನ್ನು ಮೊದಲು ಬರೆಯುವುದು? ಭಾಷೆಯಿಂದಲೇ ನಿದರ್ಶನ ಕೊಡುತ್ತೇನೆ. ಒಂದು ವಾಕ್ಯವನ್ನು ಬಿಡಿಸಿ ನೋಡುವ ಉಪಕ್ರಮವಿಧಿಯೊಂದಿದೆ ಎನ್ನೋಣ. ಆ ವಾಕ್ಯದೊಳಗೆ 'ಎಂದು' ಎಂಬ ಪದದಿಂದ ಮುಗಿಯುವ ಒಂದು ಉಕ್ತಿ ಸಿಕ್ಕಿದರೆ, ಉಕ್ತಿಯನ್ನು ಬಿಡಿಸುವ ಇನ್ನೊಂದು ಉಪಕ್ರಮವಿಧಿಯನ್ನು ಅದು ಕರೆಯಬೇಕು. ಆದರೆ ಉಕ್ತಿಯ ಒಳಗಿರುವುದೂ ಒಂದು ವಾಕ್ಯವೇ. ಆದ್ದರಿಂದ ಉಕ್ತಿಯು ಮತ್ತೆ ವಾಕ್ಯವನ್ನು ಕರೆಯಬೇಕು. ವಾಕ್ಯವನ್ನು ಮೊದಲು ಬರೆದರೆ ಉಕ್ತಿ ಅಪರಿಚಿತ. ಉಕ್ತಿಯನ್ನು ಮೊದಲು ಬರೆದರೆ ವಾಕ್ಯ ಅಪರಿಚಿತ. ಈ ತೊಡಕಿಗೆ ಪ್ಯಾಸ್ಕಲ್ ಒಂದು ಪರಿಹಾರವನ್ನು ಕೊಟ್ಟಿದೆ. ಒಂದರ ತಲೆಬರಹವನ್ನು ಮಾತ್ರ ಮೊದಲು ಬರೆದು, ಮುಂದೆ 'ಫಾರ್ವರ್ಡ್' ಎಂಬ ಪದವನ್ನು ಸೇರಿಸಿದರೆ ಸಾಕು. 'ಈ ಹೆಸರಿನವರು ಬರುತ್ತಾರೆ, ಇಂತಿಂಥದ್ದನ್ನು ತರುತ್ತಾರೆ, ಪೂರ್ಣ ವಿವರ ಆಮೇಲೆ' ಎಂದು ಲಗ್ನಪತ್ರಿಕೆಯನ್ನು ಮೊದಲೇ ಹಂಚಿದಂತೆ. ಮದುವೆ ನಡೆಯುವುದು ಅನಂತರ. ಆದರೆ ಹೆಸರು ಊರಿಗೆ ತಿಳಿದಿದೆ. ಕೊಟ್ಟ ಮಾತನ್ನು ನಡೆಸದೆ, ವಿವರವನ್ನು ಕೆಳಗೆ ಬರೆಯುವುದನ್ನು ಮರೆತರೆ ಕಂಪೈಲರ್ ಅದನ್ನೂ ಎತ್ತಿ ತೋರಿಸುತ್ತದೆ.

ಹೇಳಿಕೆಯ ಸರದಿ ಇಷ್ಟಾಯಿತು. ಹೆಸರಿನ ಎಲ್ಲೆ ಇದಕ್ಕಿಂತ ಸೂಕ್ಷ್ಮವಾದುದು.

ನಮ್ಮ ಕಡೆ ಪ್ರತಿಯೊಂದು ಮನೆಯಲ್ಲಿಯೂ ಒಬ್ಬ ಪುಟ್ಟ ಇರುತ್ತಾನೆ. ಮನೆಯೊಳಗಿನಿಂದ ತಾಯಿ "ಪುಟ್ಟಾ" ಎಂದು ಕರೆದರೆ ಆ ಮನೆಯ ಪುಟ್ಟನೇ ಓಗೊಡುತ್ತಾನೆ. ಎದುರುಮನೆಯ ಪುಟ್ಟನು ಆಟವನ್ನು ನಿಲ್ಲಿಸುವುದಿಲ್ಲ. ಮನೆಯಲ್ಲಿ ಪುಟ್ಟನೇ ಇಲ್ಲದಿದ್ದರೆ, ಬೀದಿಗೆಲ್ಲ ಪುಟ್ಟನೆಂದು ಹೆಸರಾದವನು ಯಾರಾದರೂ ಇದ್ದರೆ ಅವನು ಬಂದು ನಿಲ್ಲುತ್ತಾನೆ. ಉಪಕ್ರಮವಿಧಿಯೂ ಗೋಡೆಗಳಿರುವ ಒಂದು ಮನೆ. ಅದರೊಳಗೆ ಘೋಷಿಸಿದ ಹೆಸರು ಅದರೊಳಗೆ ಮಾತ್ರ ನಡೆಯುತ್ತದೆ. ಒಳಗಿರುವವರಿಗೆ ಕಿಟಕಿಯಿಂದ ಬೀದಿ ಕಾಣುತ್ತದೆ. ಬೀದಿಯಲ್ಲಿರುವವರಿಗೆ ಮನೆಯ ಒಳಗು ಕಾಣುವುದಿಲ್ಲ. ಒಳಗೂ ಹೊರಗೂ ಒಂದೇ ಹೆಸರಿದ್ದರೆ ಒಳಗಿನದು ಹೊರಗಿನದನ್ನು ಮರೆಮಾಡುತ್ತದೆ. ಮನೆಯೊಳಗೆ ಮನೆ, ಅಂದರೆ ಉಪಕ್ರಮವಿಧಿಯೊಳಗೆ ಇನ್ನೊಂದು ಉಪಕ್ರಮವಿಧಿ ಇರುವುದೂ ಉಂಟು; ಅಲ್ಲಿಯೂ ಇದೇ ಕಟ್ಟಳೆ. ಒಂದು ಹೆಸರನ್ನು ಕಂಡಾಗ ಮೊದಲು ತನ್ನ ಕೋಣೆಯಲ್ಲಿ, ಅನಂತರ ಮನೆಯಲ್ಲಿ, ಕಡೆಗೆ ಬೀದಿಯಲ್ಲಿ ಹುಡುಕುವುದು.

ಇದರ ಜೊತೆಗೆ ಮತ್ತೊಂದು ಸಂಗತಿಯನ್ನು ಗಮನಿಸಬೇಕು. ಉಪಕ್ರಮವಿಧಿಯನ್ನು ಕರೆದಾಗಲೆಲ್ಲ ಅದರ ಒಳಗಿನ ಚರಗಳು ಹೊಸದಾಗಿ ಹುಟ್ಟುತ್ತವೆ. ಕೆಲಸ ಮುಗಿದೊಡನೆ ಅಳಿದುಹೋಗುತ್ತವೆ. ಹೊರಗಿನ ಚರಗಳಾದರೋ ಕ್ರಮವಿಧಿ ನಡೆಯುವಷ್ಟು ಹೊತ್ತೂ ಬದುಕಿರುತ್ತವೆ. ಹಿಂದಿನವರು ಬಿಟ್ಟುಹೋದ ಬೆಲೆಯನ್ನು ಮುಂದಿನವರಿಗೆ ದಾಟಿಸುತ್ತವೆ. ಛತ್ರದ ಕೋಣೆಗೂ ಸ್ವಂತ ಪೆಟ್ಟಿಗೆಗೂ ಇರುವ ವ್ಯತ್ಯಾಸ ಇದು. ಛತ್ರದ ಕೋಣೆಯಲ್ಲಿ ಹಿಂದಿನ ಯಾತ್ರಿಕನು ಬಿಟ್ಟ ವಸ್ತು ಮುಂದಿನವನ ತಲೆಗೆ ಬರುವುದುಂಟು.

ಇದೆಲ್ಲವೂ ಪರೀಕ್ಷೆಯಲ್ಲಿ ಉತ್ತರ ಬರೆಯುವಷ್ಟು ನನಗೆ ಗೊತ್ತಿತ್ತು. ಆದರೆ ಗೊತ್ತಿರುವುದು ಬೇರೆ, ಕೈಗೆ ಹತ್ತುವುದು ಬೇರೆ.

1988ರ ಆರಂಭದಲ್ಲಿ ನಾನು ಬರೆದ ಸಂಬಳದ ಕ್ರಮವಿಧಿ ನಮ್ಮ ಕಾರ್ಖಾನೆಯಲ್ಲಿ ನಡೆಯತೊಡಗಿತು. ಅದರಲ್ಲಿ ಹಬ್ಬದ ಮುಂಗಡದ ಕಂತನ್ನು ಕಡಿಯುವ ಒಂದು ಉಪಕ್ರಮವಿಧಿಯಿತ್ತು. ಪ್ರತಿಯೊಬ್ಬ ಕೆಲಸಗಾರನ ವಿವರದಲ್ಲಿ ಒಂದು ಅಕ್ಷರ: ಮುಂಗಡ ಪಡೆದಿದ್ದರೆ ಒಂದು ಗುರುತು, ಪಡೆಯದಿದ್ದರೆ ಇನ್ನೊಂದು ಗುರುತು. ಮೊದಲನೆಯದನ್ನು ಕಂಡರೆ 'ಕಂತು' ಎಂಬ ಚರದಲ್ಲಿ ಅವನು ಕಟ್ಟಬೇಕಾದ ಮೊತ್ತವನ್ನು ಇಡಬೇಕು. ಎರಡನೆಯದನ್ನು ಕಂಡರೆ ಸೊನ್ನೆಯನ್ನು ಇಡಬೇಕು. 'ಕಂತು' ಎಂಬ ಹೆಸರನ್ನು ನಾನು ಉಪಕ್ರಮವಿಧಿಯ ಒಳಗೆ ಘೋಷಿಸದೆ, ಎಲ್ಲರಿಗೂ ಕೈಗೆಟುಕಲೆಂದು ಹೊರಗೆ, ಎಲ್ಲಕ್ಕಿಂತ ಮೇಲೆ ಘೋಷಿಸಿದ್ದೆ. ಕ್ರಮವಿಧಿಯ ಆರಂಭದಲ್ಲಿ ಅದಕ್ಕೆ ಒಮ್ಮೆ ಸೊನ್ನೆಯನ್ನು ಕೊಟ್ಟಿದ್ದೆ. ಎರಡು ತಿಂಗಳು ಯಾವ ತೊಂದರೆಯೂ ಇಲ್ಲದೆ ಸಂಬಳದ ಚೀಟಿಗಳು ಬಂದವು.

ಮೂರನೆಯ ತಿಂಗಳು, ಹಲವು ವರ್ಷ ಬದಲಿ ಕೆಲಸಗಾರನಾಗಿದ್ದ ಒಬ್ಬರನ್ನು ಖಾಯಂ ಮಾಡಿದರು. ನಡುವಯಸ್ಸು ದಾಟಿದ ಮನುಷ್ಯ, ಸಹಾಯಕರಾಗಿ ಕೆಲಸ. ಮೊದಲ ಖಾಯಂ ಸಂಬಳದ ಚೀಟಿಯಲ್ಲಿ 'ಹಬ್ಬದ ಮುಂಗಡ: ರೂ. 50' ಎಂದು ಕಡಿತವಾಗಿತ್ತು. ಅವರು ಚೀಟಿಯನ್ನು ಹಿಡಿದು ನನ್ನ ಮೇಜಿನ ಬಳಿ ಬಂದು ನಿಂತರು.

"ಸಾರ್, ನಾನು ಕೈಸಾಲ ಕೂಡ ಮಾಡ್ದೋನಲ್ಲ. ದುಡ್ಡು ಹೋದ್ರೆ ಹೋಗ್ಲಿ. ಮೊದ್ಲನೇ ಚೀಟಿ, ದೇವರ ಮುಂದೆ ಇಡೋಣ ಅಂತಿದ್ದೆ. ಇದರಲ್ಲಿ ಸಾಲ ಅಂತ ಬರೆದೈತಲ್ಲ, ಇದನ್ನ ಮನೇಲಿ ಹೆಂಗೆ ತೋರಿಸ್ಲಿ?"

ನಾನು ಅವರ ಮುಂದೆಯೇ ಯಂತ್ರದಲ್ಲಿ ಅವರೊಬ್ಬರ ವಿವರವನ್ನಷ್ಟೇ ಕೊಟ್ಟು ಲೆಕ್ಕ ಮಾಡಿಸಿದೆ. ಕಂತು ಸೊನ್ನೆ ಎಂದು ಬಂದಿತು. ಕ್ರಮವಿಧಿ ಸರಿಯಾಗಿಯೇ ಇದೆಯೆಂದು ನಾನು ತೀರ್ಮಾನಿಸಿದೆ. ಹಾಗಾದರೆ ತಿಂಗಳ ಲೆಕ್ಕ ನಡೆದ ದಿನ ಅವರ ವಿವರದಲ್ಲಿ ಮುಂಗಡದ ಗುರುತು ಇದ್ದಿರಬೇಕು. ಬದಲಿಯಾಗಿದ್ದಾಗ ಎಂದೋ ಪಡೆದು ಮರೆತಿರಬೇಕು. ಅಥವಾ ಯಾರನ್ನೋ ಹಿಡಿದು ಈಗ ಗುರುತನ್ನು ಅಳಿಸಿರಬೇಕು. ಈ ಕಡೆಯ ಮಾತನ್ನು ನಾನು ಬಾಯಿಬಿಟ್ಟು ಆಡಲಿಲ್ಲ. ಆದರೆ ಆಡಿದವರು ಇದ್ದರು. ನಾನು ಅವರನ್ನು ತಡೆಯಲಿಲ್ಲ. ಯಂತ್ರದ ಮೇಲಿನ ನಂಬಿಕೆ ಎಷ್ಟು ಸುಲಭವಾಗಿ ಮನುಷ್ಯನ ಮೇಲಿನ ಸಂಶಯವಾಗಿ ತಿರುಗುತ್ತದೆ ಎಂಬುದನ್ನು ಆ ವಾರ ನಾನು ಕಂಡೆ. ಅವರು ಯಾರೊಡನೆಯೂ ಜಗಳಕ್ಕೆ ಹೋಗಲಿಲ್ಲ. ಊಟದ ಹೊತ್ತಿನಲ್ಲಿ ಕ್ಯಾಂಟೀನಿಗೆ ಬರುವುದನ್ನು ಮಾತ್ರ ನಿಲ್ಲಿಸಿದರು.

ನಿದ್ದೆ ಬಾರದೆ ಒಂದು ರಾತ್ರಿ ಕ್ರಮವಿಧಿಯ ಅಚ್ಚುಹಾಕಿದ ಪ್ರತಿಯನ್ನು ಹಿಡಿದು ಕುಳಿತೆ. ಯಂತ್ರದಂತೆಯೇ, ಮೇಲಿನಿಂದ ಕೆಳಕ್ಕೆ, ಬೆರಳಿಟ್ಟುಕೊಂಡು ಓದತೊಡಗಿದೆ. ಆಗ ಹೊಳೆಯಿತು: ಹೊಸದಾಗಿ ಖಾಯಂ ಆದವರ ವಿವರದಲ್ಲಿ ಆ ಗುರುತಿನ ಜಾಗ ಖಾಲಿಯಿರುತ್ತದೆ. 'ಹೌದು' ಎಂದೂ ಇಲ್ಲ, 'ಇಲ್ಲ' ಎಂದೂ ಇಲ್ಲ. ನನ್ನ ಉಪಕ್ರಮವಿಧಿಯು ಎರಡೂ ಅಲ್ಲದ್ದನ್ನು ಕಂಡಾಗ ಏನನ್ನೂ ಮಾಡದೆ ಹಿಂದಿರುಗುತ್ತಿತ್ತು. ಆಗ ಹೊರಗಿನ 'ಕಂತು' ಎಂಬ ಚರದಲ್ಲಿ ಏನಿರುತ್ತದೆ? ಪಟ್ಟಿಯಲ್ಲಿ ಅವರಿಗಿಂತ ಹಿಂದಿನವನ ಬೆಲೆ! ಹಿಂದಿನವನು ಮುಂಗಡ ಪಡೆದು ಐವತ್ತು ರೂಪಾಯಿ ಕಟ್ಟುತ್ತಿದ್ದವನು. ಅವನ ಸಾಲವೇ ಇವರ ಚೀಟಿಯಲ್ಲಿ ಬಂದು ಕುಳಿತಿತ್ತು. ಅವರೊಬ್ಬರದೇ ಲೆಕ್ಕ ಮಾಡಿಸಿದಾಗ ಹಿಂದೆ ಯಾರೂ ಇರಲಿಲ್ಲ. ಆರಂಭದ ಸೊನ್ನೆಯೇ ಉಳಿದಿತ್ತು. ಆದ್ದರಿಂದಲೇ ನನ್ನ ಪರೀಕ್ಷೆ ನನ್ನನ್ನು ವಂಚಿಸಿತು.

ಮರುದಿನ ಬೆಳಗ್ಗೆ ಇಬ್ಬರ ವಿವರವನ್ನೂ ಪಟ್ಟಿಯಲ್ಲಿದ್ದ ಸರದಿಯಲ್ಲಿಯೇ ಕೊಟ್ಟು ನೋಡಿದೆ. ಐವತ್ತು ರೂಪಾಯಿ ಬಂದಿತು. ಸರದಿಯನ್ನು ಹಿಂದುಮುಂದು ಮಾಡಿದೆ. ಸೊನ್ನೆ ಬಂದಿತು.

ಆ ಸಂಜೆ ಮೇಷ್ಟರ ಮುಂದೆ ಒಪ್ಪಿಕೊಂಡೆ. ಅವರು ಎರಡು ತಪ್ಪುಗಳನ್ನು ಬೇರೆಬೇರೆಯಾಗಿ ತೋರಿಸಿದರು. ಮೂರನೆಯ ಸಂಭವವನ್ನು ಊಹಿಸದೇ ಹೋದದ್ದು ಒಂದು. ಇದು ಯಾರಿಗಾದರೂ ಆಗಬಹುದಾದ ಮರೆವು. ಆದರೆ ಆ ಮರೆವು ಒಬ್ಬ ಮನುಷ್ಯನಿಂದ ಇನ್ನೊಬ್ಬನಿಗೆ ದಾಟಲು ದಾರಿ ಮಾಡಿಕೊಟ್ಟದ್ದು ಎರಡನೆಯ ತಪ್ಪು: ಒಬ್ಬನ ಲೆಕ್ಕಕ್ಕೆ ಮಾತ್ರ ಸಂಬಂಧಿಸಿದ ಹೆಸರನ್ನು ಊರಿನ ಬೀದಿಯಲ್ಲಿ ನಿಲ್ಲಿಸಿದ್ದು.

ಪರಿಹಾರ ಹೀಗಾಯಿತು. 'ಕಂತು' ಎಂಬ ಚರವನ್ನು ಉಪಕ್ರಮವಿಧಿಯ ಒಳಗೆ ಘೋಷಿಸಿದೆ. ಒಳಗೆ ಘೋಷಿಸಿದ ಮಾತ್ರಕ್ಕೆ ಅದು ಸೊನ್ನೆಯಾಗುವುದಿಲ್ಲ ಎಂಬುದನ್ನು ತಾವು ಮರೆಯಬಾರದು. ಪ್ಯಾಸ್ಕಲ್‌ನಲ್ಲಿ ಆಗತಾನೆ ಹುಟ್ಟಿದ ಚರದ ಬೆಲೆ ಅನಿಶ್ಚಿತ. ಆದ್ದರಿಂದ ಒಳಗಿನ ಮೊದಲ ಸಾಲಿನಲ್ಲಿಯೇ, ಪ್ರತಿಯೊಂದು ಕರೆಗೂ, ಸೊನ್ನೆಯಿಂದ ಆರಂಭಿಸುವಂತೆ ಬರೆದೆ. ಹೊರಗಿನವರಿಗೆ ಬೇಕಾದದ್ದು ಮೊತ್ತ ಮಾತ್ರ; ಅದನ್ನು ಉತ್ತರವಾಗಿ ಹಿಂದಿರುಗಿಸುವಂತೆ 'ಫಂಕ್ಷನ್' ಎಂಬ ಬಗೆಯ ಉಪಕ್ರಮವಿಧಿಯನ್ನಾಗಿ ಮಾರ್ಪಡಿಸಿದೆ. ಕೆಲಸಗಾರನ ವಿವರ ಮುಂಬಾಗಿಲಿನಿಂದ ಒಳಗೆ ಹೋಗಬೇಕು, ಮೊತ್ತ ಅದೇ ಬಾಗಿಲಿನಿಂದ ಹೊರಗೆ ಬರಬೇಕು. ಕಿಟಕಿಯಿಂದ ಕೈಹಾಕುವ ವ್ಯವಹಾರವೇ ಬೇಡ. ಖಾಲಿ ಗುರುತು ಕಂಡರೆ ಮುಂದುವರಿಯದೆ, ಆ ಕೆಲಸಗಾರನ ಸಂಖ್ಯೆಯನ್ನು ತೋರಿಸಿ ನಿಲ್ಲುವಂತೆಯೂ ಮಾಡಿದೆ.

ಹೀಗೆ ಮಾಡಿದೊಡನೆ ನಾನು ನಿರೀಕ್ಷಿಸದ ಒಂದು ಉಪಕಾರವಾಯಿತು. ಹೆಸರು ಬೀದಿಯಿಂದ ಮನೆಯೊಳಕ್ಕೆ ಹೋದದ್ದರಿಂದ, ಬೀದಿಯಲ್ಲಿ ಅದನ್ನು ಬಳಸುತ್ತಿದ್ದ ಸಾಲುಗಳಲ್ಲೆಲ್ಲ ಕಂಪೈಲರ್ 'ಅಪರಿಚಿತ ಹೆಸರು' ಎಂದು ನಿಲ್ಲತೊಡಗಿತು. ಒಂದನ್ನು ಸರಿಪಡಿಸಿದರೆ ಮುಂದಿನದು. ನಿವ್ವಳ ಸಂಬಳದ ಲೆಕ್ಕದಲ್ಲಿ ಒಂದು, ಚೀಟಿಯನ್ನು ಅಚ್ಚುಹಾಕುವಲ್ಲಿ ಇನ್ನೊಂದು. ಇವೆರಡೂ ನನಗೆ ನೆನಪಿದ್ದವು. ಮೂರನೆಯದು ತಿಂಗಳ ಸಾರಾಂಶದ ಪುಟದಲ್ಲಿತ್ತು. ಅದನ್ನು ಬರೆದದ್ದನ್ನೇ ನಾನು ಮರೆತಿದ್ದೆ. ಮೊದಲ ದಿನ ನನ್ನನ್ನು ಕಾಡಿದ ಅದೇ ವಾಕ್ಯ ಈಗ ಕಾವಲುಗಾರನಾಗಿ ನನ್ನ ಮನೆಯನ್ನು ಸುತ್ತುತ್ತಿತ್ತು. ಹೆಸರಿನ ಎಲ್ಲೆಯನ್ನು ಕಿರಿದುಗೊಳಿಸುವುದೆಂದರೆ ಸಂಶಯಪಡಬೇಕಾದ ಜಾಗವನ್ನು ಕಿರಿದುಗೊಳಿಸುವುದು. ಬೀದಿಯ ಚರದಲ್ಲಿ ತಪ್ಪು ಬೆಲೆ ಕಂಡುಬಂದರೆ ಇಡೀ ಊರನ್ನು ವಿಚಾರಿಸಬೇಕು. ಮನೆಯೊಳಗಿನ ಚರದಲ್ಲಿ ಕಂಡುಬಂದರೆ ಆ ಮನೆಯವರನ್ನು ಕೇಳಿದರೆ ಮುಗಿಯಿತು.

ಇದು ನನ್ನೊಬ್ಬನ ಅನುಭವವಲ್ಲ. ಗಣಕಭಾಷೆಗಳ ಚರಿತ್ರೆಯೇ ಈ ಪಾಠದ ಚರಿತ್ರೆ. 1957ರಲ್ಲಿ ಐಬಿಎಂ ಸಂಸ್ಥೆಯ ಜಾನ್ ಬ್ಯಾಕಸ್ ಮತ್ತು ಸಂಗಡಿಗರು ಹೊರತಂದ ಫೋರ್ಟ್ರಾನ್ ಭಾಷೆಯು ಹೆಸರುಗಳನ್ನು ಘೋಷಿಸಲೇಬೇಕೆಂದು ಕೇಳುತ್ತಿರಲಿಲ್ಲ; ಹೆಸರಿನ ಮೊದಲ ಅಕ್ಷರವನ್ನು ನೋಡಿ ಅದು ಪೂರ್ಣಾಂಕವೋ ದಶಮಾಂಶವೋ ಎಂದು ತಾನೇ ಊಹಿಸುತ್ತಿತ್ತು. ಕಾಗುಣಿತ ತಪ್ಪಿದರೆ ಹೊಸ ಚರವೇ ಹುಟ್ಟಿಬಿಡುತ್ತಿತ್ತು. 1964ರಲ್ಲಿ ಬಂದ ಬೇಸಿಕ್ ಭಾಷೆಯ ಮೊದಲ ರೂಪಗಳಲ್ಲಿ ಉಪಕ್ರಮವಿಧಿಗೆಂದು ಪ್ರತ್ಯೇಕ ಹೆಸರುಗಳಿರಲಿಲ್ಲ. ಹೆಚ್ಚುಕಡಿಮೆ ಎಲ್ಲವೂ ಬೀದಿಯ ಸೊತ್ತು. ಗೋಡೆಯನ್ನು ವ್ಯವಸ್ಥಿತವಾಗಿ ಕಟ್ಟಿದ ಕೀರ್ತಿ 1960ರ ಆಲ್ಗಾಲ್ ಭಾಷೆಗೆ ಸಲ್ಲಬೇಕು. ಪ್ಯಾಸ್ಕಲ್ ಅದರ ಕುಡಿ.

ಸಾಹಿತ್ಯಾಭ್ಯಾಸಿಗಳಾದ ತಮಗೆ ಇಲ್ಲಿ ಪಾಣಿನಿಯ ನೆನಪು ಬಾರದಿರದು. ಎಂಟು ಅಧ್ಯಾಯಗಳ, ಸುಮಾರು ನಾಲ್ಕು ಸಾವಿರ ಸೂತ್ರಗಳ ಅಷ್ಟಾಧ್ಯಾಯಿಯಲ್ಲಿ ಸೂತ್ರಗಳ ಸರದಿ ಆಕಸ್ಮಿಕವಲ್ಲ. ಅಧಿಕಾರಸೂತ್ರವೊಂದು ತನ್ನ ಎಲ್ಲೆ ಮುಗಿಯುವವರೆಗೆ ಮುಂದಿನ ಪ್ರತಿಯೊಂದು ಸೂತ್ರದ ಮೇಲೂ ಆಳುತ್ತದೆ. ಹಿಂದಿನ ಸೂತ್ರದ ಪದವು ಮುಂದಿನದಕ್ಕೆ ಹರಿದುಬರುವುದನ್ನು ಅನುವೃತ್ತಿ ಎನ್ನುತ್ತಾರೆ. ಕಡೆಯ ಅಧ್ಯಾಯದ ಕೊನೆಯ ಮೂರು ಪಾದಗಳಲ್ಲಿಯಂತೂ ಇನ್ನೂ ಬಿಗಿಯಾದ ಏರ್ಪಾಡಿದೆ: ಅಲ್ಲಿನ ಸೂತ್ರಗಳು ಮಾಡಿದ ಮಾರ್ಪಾಡು ಅವುಗಳಿಗಿಂತ ಹಿಂದಿನ ಸೂತ್ರಗಳ ಪಾಲಿಗೆ ನಡೆದೇ ಇಲ್ಲವೆಂದು ಭಾವಿಸಬೇಕು. 'ಮುಂದಿನದು ಹಿಂದಿನದಕ್ಕೆ ಕಾಣದು' ಎಂಬ ಈ ಕಟ್ಟಳೆಯನ್ನು ಪ್ಯಾಸ್ಕಲ್ ಕಲಿಯುವಾಗ ನಾನು ಮತ್ತೊಮ್ಮೆ ಕಂಡೆ. ಪಾಣಿನಿಗೆ ಗಣಕಯಂತ್ರ ಗೊತ್ತಿತ್ತೆಂದು ಹೇಳುವ ಉತ್ಸಾಹ ನನಗಿಲ್ಲ. ದೊಡ್ಡದೊಂದು ನಿಯಮಸಮೂಹವನ್ನು ಗೊಂದಲವಿಲ್ಲದೆ ಕಟ್ಟಹೊರಟವರಿಗೆ ಎಲ್ಲೆ ಮತ್ತು ಸರದಿ ಎಂಬ ಎರಡು ಸಾಧನಗಳು ಯಾವ ಕಾಲದಲ್ಲಾದರೂ ಬೇಕಾಗುತ್ತವೆ ಎಂಬುದಷ್ಟೇ ನನ್ನ ಅಭಿಪ್ರಾಯ. ಗಣಕಭಾಷೆಗಳ ವ್ಯಾಕರಣವನ್ನು ಬರೆಯಲು ಬ್ಯಾಕಸ್ ಅವರ ಹೆಸರಿನಲ್ಲಿ ಪ್ರಸಿದ್ಧವಾದ ಸಂಕೇತಪದ್ಧತಿಗೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು 1967ರಲ್ಲಿ ಪೀಟರ್ ಇಂಗರ್‌ಮನ್ ಎಂಬ ಗಣಕತಜ್ಞರು ಸೂಚಿಸಿದ್ದುಂಟು.

ನಮ್ಮ ಯಲಹಂಕದ ಆಕಾಶದಲ್ಲಿಯೂ ಈ ವಿಚಾರಕ್ಕೆ ಒಂದು ಸಾಕ್ಷಿ ಹಾರುತ್ತದೆ. ಇಲ್ಲಿನ ವಾಯುನೆಲೆಯಲ್ಲಿ 1996ರಿಂದ ನಡೆದುಬಂದಿರುವ ವೈಮಾನಿಕ ಪ್ರದರ್ಶನದ ದಿನಗಳಲ್ಲಿ, ಬೆಂಗಳೂರಿನಲ್ಲಿಯೇ ರೂಪುಗೊಂಡು 2001ರ ಜನವರಿ 4ರಂದು ಮೊದಲ ಬಾರಿಗೆ ಹಾರಿದ ತೇಜಸ್ ವಿಮಾನವನ್ನು ನಾವು ಮಾಳಿಗೆಯ ಮೇಲಿನಿಂದಲೇ ನೋಡಿದ್ದೇವೆ. ಆ ವಿಮಾನವು ಗಣಕದ ನೆರವಿಲ್ಲದೆ ಸ್ಥಿರವಾಗಿ ಹಾರಲಾರದು. ಚಾಲಕನು ಕೈಯಿಂದ ಕೊಟ್ಟ ಸೂಚನೆಯನ್ನು ಗಣಕವು ಅರ್ಥೈಸಿ ರೆಕ್ಕೆಯ ಪಟ್ಟಿಗಳನ್ನು ಚಲಿಸುತ್ತದೆ. ಈ ಹಾರಾಟ ನಿಯಂತ್ರಣದ ಕ್ರಮವಿಧಿಯನ್ನು ಬರೆದದ್ದು ಏಡಾ ಎಂಬ ಭಾಷೆಯಲ್ಲಿ. ಅಮೆರಿಕದ ರಕ್ಷಣಾ ಇಲಾಖೆಗಾಗಿ ಜಾನ್ ಇಷ್ಬಿಯಾ ಅವರ ನೇತೃತ್ವದಲ್ಲಿ ರೂಪುಗೊಂಡು 1983ರಲ್ಲಿ ಪ್ರಮಾಣಿತವಾದ ಈ ಭಾಷೆಗೆ, ಕ್ರಮವಿಧಿಗಳ ಚರಿತ್ರೆಯ ಆದಿಯಲ್ಲಿ ನಿಲ್ಲುವ ಏಡಾ ಲವ್‌ಲೇಸ್ ಎಂಬಾಕೆಯ ಹೆಸರನ್ನಿಟ್ಟರು. ಆಕೆ ಹುಟ್ಟಿದ 1815ನೆಯ ಇಸವಿಯೇ ಅದರ ಪ್ರಮಾಣಪತ್ರದ ಸಂಖ್ಯೆಯೂ ಆಯಿತು. ಏಡಾದಲ್ಲಿ ಪ್ಯಾಸ್ಕಲ್‌ನ ಶಿಸ್ತು ಇನ್ನೂ ಮುಂದುವರಿದಿದೆ. ಹೊರಗಿನವರಿಗೆ ಕಾಣಬೇಕಾದ ಹೆಸರುಗಳ ಪಟ್ಟಿಯನ್ನು ಒಂದು ಕಡೆ, ಒಳಗಿನ ಕೆಲಸವನ್ನು ಇನ್ನೊಂದು ಕಡೆ ಬರೆಯಬೇಕು. ಪಟ್ಟಿಯಲ್ಲಿಲ್ಲದ ಹೆಸರನ್ನು ಹೊರಗಿನವರು ಮುಟ್ಟುವಂತಿಲ್ಲ. ಒಬ್ಬ ಸಹಾಯಕನ ಚೀಟಿಯಲ್ಲಿ ಐವತ್ತು ರೂಪಾಯಿ ತಪ್ಪಿದರೆ ಆದ ನೋವನ್ನು ನಾನು ಕಂಡಿದ್ದೇನೆ. ಆಕಾಶದಲ್ಲಿ ಒಂದು ಲೆಕ್ಕದ ಬೆಲೆ ಇನ್ನೊಂದಕ್ಕೆ ಸೋರಿದರೆ ಆಗುವ ಅನರ್ಥವನ್ನು ಹೇಳಬೇಕಾಗಿಲ್ಲ.

ಇತ್ತೀಚೆಗೆ ನನ್ನ ಮೊಮ್ಮಗಳು ಪೈಥಾನ್ ಎಂಬ ಭಾಷೆಯನ್ನು ಕಲಿಯುತ್ತಿದ್ದಾಳೆ. ಅದರಲ್ಲಿ ಪ್ರತ್ಯೇಕವಾದ ಘೋಷಣೆಯೇ ಇಲ್ಲ. ಬೆಲೆಯನ್ನು ಕೊಟ್ಟದ್ದೇ ಘೋಷಣೆ. ಒಂದು ಉಪಕ್ರಮವಿಧಿಯು ತನಗಿಂತ ಕೆಳಗೆ ಬರೆದ ಇನ್ನೊಂದನ್ನು ಕರೆಯಬಹುದು. ಕರೆ ನಿಜವಾಗಿ ನಡೆಯುವ ಗಳಿಗೆಗೆ ಅದು ಓದಲ್ಪಟ್ಟಿದ್ದರೆ ಸಾಕು. ಸರದಿಯ ಕಟ್ಟಳೆ ಬರಹದಿಂದ ನಡೆಗೆ ಸರಿದಿದೆ. ಒಂದು ಸಂಜೆ ಅವಳು ಕೂಗಿದಳು: "ತಾತಾ, ಇಲ್ಲಿ ನೋಡು, ಎಷ್ಟು ಕೂಡಿದ್ರೂ ಮೊತ್ತ ಸೊನ್ನೇನೇ ಬರ್ತಿದೆ."

ನೋಡಿದೆ. ಹೊರಗೆ 'ಮೊತ್ತ' ಎಂಬ ಹೆಸರಿಗೆ ಸೊನ್ನೆಯನ್ನು ಕೊಟ್ಟಿದ್ದಳು. ಉಪಕ್ರಮವಿಧಿಯ ಒಳಗೆ ಅದೇ ಹೆಸರಿಗೆ ಎರಡು ಪರೀಕ್ಷೆಗಳ ಅಂಕಗಳನ್ನು ಕೂಡಿಸಿ ಇಟ್ಟಿದ್ದಳು. ಪೈಥಾನ್‌ನಲ್ಲಿ ಒಳಗೆ ಬೆಲೆ ಕೊಟ್ಟ ಹೆಸರು ಒಳಗಿನದೇ ಆಗುತ್ತದೆ. ಅಂಕಗಳು ಕೂಡಿದ್ದೂ ನಿಜ. ಆದರೆ ಆ ಮೊತ್ತವು ಮನೆಯೊಳಗೆ ಹುಟ್ಟಿ ಮನೆಯೊಳಗೇ ಅಳಿದುಹೋಗಿತ್ತು. ಬೀದಿಯ ಮೊತ್ತ ಸೊನ್ನೆಯಾಗಿಯೇ ನಿಂತಿತ್ತು. ನನ್ನ ತಪ್ಪಿಗೂ ಅವಳ ತಪ್ಪಿಗೂ ಮೂವತ್ತು ವರ್ಷಗಳಿಗಿಂತ ಹೆಚ್ಚಿನ ಅಂತರ; ಒಂದು ಇನ್ನೊಂದರ ತಿರುವುಮುರುವು. ನಾನು ಮನೆಯಲ್ಲಿದ್ದೇನೆಂದು ಭಾವಿಸಿ ಬೀದಿಯ ವಸ್ತುವನ್ನು ಮುಟ್ಟಿದೆ. ಅವಳು ಬೀದಿಯ ವಸ್ತುವನ್ನು ಮುಟ್ಟುತ್ತಿದ್ದೇನೆಂದು ಭಾವಿಸಿ ಮನೆಯೊಳಗೆ ಹೊಸದೊಂದನ್ನು ಮಾಡಿದಳು. ಪರಿಹಾರ ಮಾತ್ರ ಒಂದೇ: "ಒಳಗೆ ಕೂಡಿದ್ದನ್ನ ಬಾಗಿಲಿನಿಂದ ಹೊರಗೆ ಕೊಡಮ್ಮ. ಹೊರಗಿನವರು ತಮ್ಮ ಕೈಯಿಂದ ತೊಗೊಳ್ಳಲಿ" ಎಂದೆ. ಉತ್ತರವನ್ನು ಹಿಂದಿರುಗಿಸುವಂತೆ ಬರೆದಳು, ಮೊತ್ತ ಬಂದಿತು.

ಅವಳು ಕೇಳಿದಳು: "ನಿನಗೆ ಇದು ಅಷ್ಟು ಬೇಗ ಹೆಂಗೆ ಗೊತ್ತಾಯ್ತು ತಾತ?" ನಾನು ಆ ಐವತ್ತು ರೂಪಾಯಿಯ ಕಥೆಯನ್ನು ಹೇಳಿದೆ.

ಅದರ ಕಡೆಯ ಭಾಗವನ್ನು ತಮಗೂ ಹೇಳಿ ಮುಗಿಸುತ್ತೇನೆ. ತಪ್ಪು ಸಿಕ್ಕಿದ ದಿನ ನಾನು ಚೀಟಿಯನ್ನು ಹೊಸದಾಗಿ ಅಚ್ಚುಹಾಕಿಸಿ, ಮುಂಗಡದ ಸಾಲಿನಲ್ಲಿ ಸೊನ್ನೆ ಬಂದಿರುವುದನ್ನು ನೋಡಿಕೊಂಡು, ಹಣದ ಜೊತೆಗೆ ಅವರು ಕೆಲಸ ಮಾಡುವ ಜಾಗಕ್ಕೇ ಹೋದೆ. ಸಂಶಯದ ಮಾತು ಆಡಿದವರೂ ಅಲ್ಲಿಯೇ ಇದ್ದರು. "ತಪ್ಪು ನಿಮ್ಮದಲ್ಲ, ರಿಜಿಸ್ಟರಿನದೂ ಅಲ್ಲ, ಯಂತ್ರದ್ದೂ ಅಲ್ಲ. ನಾನು ಬರೆದದ್ದು ತಪ್ಪು" ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಅವರು ಹಣವನ್ನು ಎಣಿಸದೆ ಜೇಬಿಗೆ ಹಾಕಿಕೊಂಡರು. ಚೀಟಿಯನ್ನು ಮಾತ್ರ ಎರಡು ಸಲ ಓದಿ, ನಾಲ್ಕಾಗಿ ಮಡಿಸಿ, ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡರು. ಮಧ್ಯಾಹ್ನ ಊಟದ ಗಂಟೆಗೆ ಕ್ಯಾಂಟೀನಿನಲ್ಲಿ ನನ್ನ ಎದುರಿಗೆ ಬಂದು ಕುಳಿತರು.

ಅಂದಿನಿಂದ ಯಾವ ಕ್ರಮವಿಧಿಯಲ್ಲಾದರೂ ಒಂದು ಹೆಸರನ್ನು ಬರೆಯುವ ಮೊದಲು ನಾನು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳುತ್ತೇನೆ: ಈ ಹೆಸರನ್ನು ಓದುಗನಿಗೆ ಪರಿಚಯಿಸಿದ್ದೇನೆಯೆ? ಇದು ಯಾರ ಮನೆಯದು?